ಹಿಂದಿನ ಬೆಂಚು

ಮುಖ್ಯೋಪಾಧ್ಯಾಯಿನಿ ಅಪಿಯೊ ಹೊರಗಿನಿಂದ ಬಾಗಿಲು ತಳ್ಳಿದಳು. ಒಳಗೆ ಗಣಿತದ ಒಕುಲ್ಲೊ ಮೇಷ್ಟ್ರು ಅದು ತೆರೆಯದಂತೆ ಭುಜ ಒತ್ತಿ ನಿಂತಿದ್ದರು. ಉಗಾಂಡಾದ ಲೀರಾ ಪಟ್ಟಣದ ಆ ಶಾಲೆಯಲ್ಲಿ ಶಿಕ್ಷಕರು ಒಬ್ಬರ ಪಾಠ ಇನ್ನೊಬ್ಬರು ಕೂತು ಕೇಳಿ ಕಲಿಯಬೇಕೆಂಬುದು ಅವಳ ಹಂಬಲ. ಹಿರಿಯರಾದ ಇವರು ಒಪ್ಪದಿದ್ದರೆ ಉಳಿದವರು ಯಾರೂ ಒಪ್ಪುವುದಿಲ್ಲ.

“ಕಲಿಯೋಕೆ ಬಂದಿದೀನಿ, ಮೇಷ್ಟ್ರೇ.”

“ಚಿರತೆ ಕೊಟ್ಟಿಗೆಗೆ ಹಾಲು ಕರೆಯೋದು ಕಲಿಯೋಕೆ ಬಂತಂತೆ! ನಿಮಗಿಂತ ಮುಂಚೆ ಇದ್ದ ಹೆಡ್‌ಮಾಸ್ಟ್ರೂ ಹಿಂದಿನ ಬೆಂಚಲ್ಲಿ ನಗ್ತಾ ಕೂತಿದ್ರು, ಮೇಡಂ. ಆಮೇಲೆ ನನ್ನ ದೂರದ ಕರಮೊಜಾ ಸೀಮೆಗೆ ಎತ್ತಂಗಡಿ ಮಾಡಿಸಿದ್ರು. ಹೆಂಡ್ತಿ ಹೆರಿಗೆಗೂ ಬರೋಕಾಗ್ಲಿಲ್ಲ.”

ಒಳಗೆ ಮಕ್ಕಳು ಕಿಸಕ್ಕೆಂದರು. ಅಪಿಯೊಳ ಕಿವಿ ಬಿಸಿಯಾಯಿತು.

“ಹಾಗಾದ್ರೆ ನೀವೇ ನನ್ನ ಪಾಠಕ್ಕೆ ಬಂದು ಕೂತ್ಕೊಳ್ಳಿ. ಟೀ ಹೊತ್ತಲ್ಲಿ ಎಲ್ಲರೆದುರು ನನ್ನ ತಪ್ಪು ಎತ್ತಿ ಆಡಿ.”

ಬಾಗಿಲು ಬೆರಳಗಲ ತೆರೆಯಿತು. ಮೇಷ್ಟ್ರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬರಲ್ಲ,” ಎಂದರು.