ದಾಕ್ಷಾಯಣಮ್ಮನವರ ಸಂಶಯ

ದಾಕ್ಷಾಯಣಮ್ಮನವರು ಮಾತಾಡುವವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಅವರು ಮುಖ್ಯಸ್ಥೆ. ನಾನು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಗಂಜಿ ಹಾಕಿದ ಬಿಳಿ ಸೀರೆ, ಸದ್ದಾಗದ ಕ್ಯಾನ್ವಾಸ್ ಬೂಟು, ಬಲಕ್ಕೆ ತುಸು ವಾಲಿದ ನಡಿಗೆ. ಅವರ ಆಗಮನ ತಿಳಿಯುತ್ತಿದ್ದುದು ವಾರ್ಡಿನ ಹುಡುಗಿಯರ ಮಾತು ಥಟ್ಟನೆ ನಿಂತಾಗಲೇ. ಯಾರು ಏನೇ ಹೇಳಲಿ, "ಕಂಡಿದ್ದೋ, ಕೇಳಿದ್ದೋ?" ಎನ್ನುವರು. ಕೌಲ್ ಬಜಾರಿನ ಸೀರೆ ವ್ಯಾಪಾರಿ ದಸ್ತಗೀರಸಾಬ್ ಬಟ್ಟೆಯ ಬಣ್ಣ ಬಿಡುವುದಿಲ್ಲವೆಂದರೆ, ಅಂಗಡಿಯಲ್ಲೇ ನೀರು ತರಿಸಿ ಅಂಚನ್ನು ತಿಕ್ಕಿ ನೋಡಿಯೇ ಕೊಳ್ಳುವರು.

ಕೊನೆಯ ವರ್ಷದ ಅಕ್ಕನಾಗಮ್ಮ, ದೇಶನೂರಿನ ದೊಡ್ಡ ಹಿಡುವಳಿದಾರ ಮರಿಬಸಪ್ಪನವರ ಮಗಳು, ಒಂದು ಮಧ್ಯಾಹ್ನ ಥರ್ಮಾಮೀಟರ್ ಇಡದೆಯೇ ಮಗುವೊಂದರ ಜ್ವರವನ್ನು ಚಾರ್ಟಿನಲ್ಲಿ ಬರೆದಳು. ದಾಕ್ಷಾಯಣಮ್ಮನವರು ಸಂಶಯಪಟ್ಟು ಹತ್ತಿರ ಹೋಗುವಷ್ಟರಲ್ಲಿ ಮಗುವಿಗೆ ಫಿಟ್ಸ್ ಬಂದಿತ್ತು, ಹೇಗೋ ಉಳಿಯಿತು. ವಿಚಾರಣೆಯಲ್ಲಿ ಹುಡುಗಿ ಒಪ್ಪಿಕೊಂಡಳು, ಆರು ತಿಂಗಳ ಅಮಾನತಾಯಿತು. ಅಲ್ಲಿಗೆ ಮುಗಿಯಿತೆಂದಿತು ಆಡಳಿತ ಮಂಡಳಿ. ದಾಕ್ಷಾಯಣಮ್ಮನವರು ಮಾತ್ರ, ನರ್ಸುಗಳನ್ನು ನೋಂದಾಯಿಸುವ ಬೆಂಗಳೂರಿನ ಕೌನ್ಸಿಲಿಗೂ ಇದು ತಿಳಿಯಬೇಕೆಂದು ಹಟ ಹಿಡಿದರು. ಮಂಡಳಿಯ ಕರುಣೆಯ ಹಿಂದೆ ಮರಿಬಸಪ್ಪನವರು ಕಟ್ಟಿಸಿಕೊಡಲಿದ್ದ ಹೊಸ ವಾರ್ಡು ಇದೆಯೆಂಬುದು ಅವರ ಗುಮಾನಿ. ಅವರ ಹಟದ ಹಿಂದೆ ಸಿರಿವಂತರ ಮೇಲಿನ ಹೊಟ್ಟೆಕಿಚ್ಚು ಇದೆಯೆಂಬುದು ನಮ್ಮದು.

ಮರಿಬಸಪ್ಪನವರು ಬಂದು ಕೈಮುಗಿದರು. "ಶಿಕ್ಷಾ ಅನುಭವಿಸ್ಯಾಳ್ರಿ ಅಮ್ಮಾರ. ಮತ್ತ ಬೆಂಗಳೂರಿಗ್ಯಾಕ?"

"ನಾಳಿ ಆಕಿ ಕೈಯಾಗ ಕೂಸು ಕೊಡೋ ತಾಯಿಗೆ ಇದು ಗೊತ್ತಿರಂಗಿಲ್ಲ. ಆ ತಾಯಿ ಪರವಾಗಿ ಯಾರಿಗಾದ್ರೂ ಗೊತ್ತಿರಬೇಕಲ್ರಿ" ಎಂದರು ಅವರು.

ಕೌನ್ಸಿಲಿಗೆ ಬರೆದ ಪತ್ರವನ್ನು ಮೊದಲು ಅಕ್ಕನಾಗಮ್ಮನಿಗೇ ಓದಿ ಹೇಳಿ, ಸುಳ್ಳೇನಾದರೂ ಇದೆಯೇ ಎಂದು ಕೇಳಿದರು. ತಾನಾಗಿಯೇ ತಪ್ಪೊಪ್ಪಿಕೊಂಡಳೆಂದೂ ಮಗು ಚೇತರಿಸಿಕೊಳ್ಳುವವರೆಗೆ ಹಾಸಿಗೆ ಬಿಟ್ಟು ಕದಲಲಿಲ್ಲವೆಂದೂ ಅದರಲ್ಲಿತ್ತು. ಹುಡುಗಿ ಅಳುತ್ತಲೇ, ಸುಳ್ಳೇನೂ ಇಲ್ಲವೆಂದು ತಲೆಯಾಡಿಸಿದಳು. ಕೌನ್ಸಿಲು ಅವಳನ್ನು ಒಂದು ವರ್ಷ ಹಿರಿಯ ನರ್ಸಿನ ನಿಗಾದಲ್ಲಿ ದುಡಿಸಿ, ಆಮೇಲೆ ಹೆಸರು ನೋಂದಾಯಿಸಿಕೊಂಡಿತು. ಅಷ್ಟರಲ್ಲಿ ಮಂಡಳಿಯವರು ದಾಕ್ಷಾಯಣಮ್ಮನವರನ್ನು ಮನೆಗೆ ಕಳಿಸಿಯಾಗಿತ್ತು. ಅವರು ಕುರುಗೋಡಿನ ತಮ್ಮನ ಮನೆ ಸೇರಿದರು. ನಮ್ಮಲ್ಲಿ ಯಾರೂ ಬೀಳ್ಕೊಡಲು ಹೋಗಲಿಲ್ಲ.

ಎಷ್ಟೋ ವರ್ಷಗಳ ನಂತರ ಸಿರುಗುಪ್ಪದ ಆಸ್ಪತ್ರೆಯಲ್ಲಿ ಅಕ್ಕನಾಗಮ್ಮ ಸಿಕ್ಕಳು. ದಾಕ್ಷಾಯಣಮ್ಮನವರ ಮಾತು ತೆಗೆದೆ. "ಸಿಟ್ಟು ಇನ್ನೂ ಹೋಗಿಲ್ರಿ ಸರ. ಆದ್ರ ನಾ ಮುಚ್ಚಿಡೋದು ಅಂತ ಏನೂ ಉಳಿದಿಲ್ಲ" ಎಂದು, ಅವಸರದಲ್ಲಿ ವಾರ್ಡಿಗೆ ಹೊರಟುಹೋದಳು.

ಎದುರಿಗೆ ನಿಂತವರ ಕಣ್ಣೀರಿಗೆ ಕರಗುವುದು ನಮಗೆಲ್ಲ ಸುಲಭ. ಇನ್ನೂ ಬಾರದ, ಹೆಸರೂ ತಿಳಿಯದ ರೋಗಿಗಾಗಿ ಎದುರಿಗಿದ್ದವರನ್ನೆಲ್ಲ ಸಂಶಯಿಸುವವರು ಎಲ್ಲೋ ಕೆಲವರು. ಅಂಥವರಿಗೆ ಕೃತಜ್ಞತೆ ಸಲ್ಲುವುದೇ ಇಲ್ಲ. ಸಲ್ಲಿಸಬೇಕಾದವರಿಗೆ ತಾವು ಒಂದು ಅಪಾಯದಿಂದ ಉಳಿದುಕೊಂಡದ್ದೇ ತಿಳಿದಿರುವುದಿಲ್ಲ.