ಎಣ್ಣೆ ಬೇಡವೆಂದ ವಿಮಾನ

ಆ ಪುಟ್ಟ ವಿಮಾನ ನಿಲ್ದಾಣಕ್ಕೆ ಚರಿತ್ರೆ ಎನ್ನುವುದೊಂದಿದ್ದರೆ ಅದರಲ್ಲಿ ದಪ್ಪಕ್ಷರದಲ್ಲಿ ನಮೂದಾಗಬೇಕಾದ ಸಂಗತಿ ಇದು: ಬಂದು ನಿಂತ ವಿಮಾನದ ಗಾಜಿನ ಹಿಂದಿನಿಂದ ಪೈಲಟ್ ಬೇಡ ಎಂಬಂತೆ ಬೆರಳಾಡಿಸಿದ. ಕೆಳಗೆ ಇಂಧನದ ಟ್ಯಾಂಕರ್ ನಿಲ್ಲಿಸಿ, ಕೊಳವೆಯನ್ನು ಹೆಗಲಿಗೇರಿಸಿಕೊಂಡಿದ್ದ ಚಾಲಕ ಅದನ್ನು ಹಾಗೇ ಮತ್ತೆ ಸುತ್ತಿಟ್ಟ. ವಾರವಿಡೀ ಇದೇ ಆಯಿತು. ಎಣ್ಣೆ ಇಳಿಯದ ಟ್ಯಾಂಕರಿಗೆ ಚಾಲಕನೇಕೆ ಎಂದು ಕಂಪನಿ ಕೇಳುವ ದಿನ ದೂರವಿರಲಿಲ್ಲ.

ಮನೆಗೆ ಬಂದ ನೆಂಟ ಊಟ ಬೇಡವೆಂದರೆ ಬರುವ ಅನುಮಾನವೇ ಅವನಿಗೂ ಬಂತು. ಯಾರೋ ಕಿವಿ ಊದಿದ್ದಾರೆ. ಎಣ್ಣೆಗೆ ನೀರು ಸೇರಿದೆ ಎಂದು ಗುಲ್ಲೆಬ್ಬಿಸಿದರೆ ಯಾವ ಪೈಲಟ್ ತಾನೇ ಹಾಕಿಸಿಕೊಂಡಾನು? ಪೈಲಟ್‌ಗಳ ಕಿವಿಯವರೆಗೆ ಬಾಯಿ ಎಟುಕುವವನು ಅಲ್ಲಿ ಒಬ್ಬನೇ: ವಿಮಾನ ಕಂಪನಿಯ ಕೌಂಟರಿನಲ್ಲಿ ಕೂರುವ, ಅವನ ಹೆಂಡತಿಯ ತಮ್ಮ. ಅವನು ಭಾವ, ಭಾವ ಎಂದು ಕೂಗಿ ಕೂಗಿಯೇ ಹಮಾಲರ ಬಾಯಲ್ಲೂ ಇವನು 'ಎಣ್ಣೆಭಾವ' ಆಗಿದ್ದ. ಆ ಹಳೆಯ ಉರಿಯೂ ಒಳಗಿತ್ತು.

ಎಣ್ಣೆಯಲ್ಲಿ ನೀರಿದೆಯೇ ಎಂದು ದಿನಾ ಗಾಜಿನ ಜಾಡಿಗೆ ಒಂದಿಷ್ಟು ಹಿಡಿದು ನೋಡುವುದು ಅವನ ಕೆಲಸದ ಪದ್ಧತಿ. ಶೆಡ್ಡಿನಲ್ಲಿ ಮಾಡುತ್ತಿದ್ದ ಅದನ್ನು ಈಗ ವಿಮಾನದ ಮೂತಿಯ ಮುಂದೆಯೇ ಮಾಡತೊಡಗಿದ. ಪೈಲಟ್‌ಗೆ ಕಾಣಲೆಂದು ಜಾಡಿಯನ್ನು ಬಿಸಿಲಿಗೆ ಎತ್ತಿ ಹಿಡಿಯುತ್ತಿದ್ದ. ಮೆಟ್ಟಿಲಿಳಿಯುತ್ತಿದ್ದ ಅಜ್ಜಿಯೊಬ್ಬರು ಕುಡಿಯುವ ನೀರೆಂದುಕೊಂಡು ಕೈ ಚಾಚಿದರು.

ಒಳಗೆ ಕೌಂಟರಿನಲ್ಲಿ ಭಾವಮೈದುನನ ಪಾಡು ಇದಕ್ಕಿಂತ ಮೇಲಾಗಿರಲಿಲ್ಲ. ಪ್ರಯಾಣಿಕರು ಬರುತ್ತಿದ್ದರು, ಅವರ ಪೆಟ್ಟಿಗೆಗಳು ಮಾರನೆಯ ದಿನ ಬರುತ್ತಿದ್ದವು. ನೌಕರಿಯ ಸಂದರ್ಶನಕ್ಕೆಂದು ಹವಾಯಿ ಚಪ್ಪಲಿಯಲ್ಲಿ ಬಂದಿಳಿದವನೊಬ್ಬ, ನನ್ನ ಬೂಟು ನಿನ್ನ ಕಾಲಲ್ಲಿದೆಯಾ ಎಂದು ಕೌಂಟರಿನ ಮೇಲಿಂದ ಬಗ್ಗಿಯೇ ನೋಡಿದ. ವಿಮಾನ ಎಣ್ಣೆ ತುಂಬಿಕೊಂಡು ಭಾರವಾಗಿ ಬರುತ್ತಿದೆ, ಅದಕ್ಕೇ ಪೆಟ್ಟಿಗೆ ಬಿಟ್ಟು ಬರುತ್ತಾರೆ ಎಂಬಷ್ಟು ಅವನಿಗೆ ತಿಳಿದಿತ್ತು. ಇದು ಭಾವನದೇ ಕೆಲಸವೆಂದು ಉಳಿದದ್ದನ್ನು ತಾನೇ ಊಹಿಸಿಕೊಂಡು ಅಕ್ಕನ ಹತ್ತಿರ ಹೇಳಿದ. ಅಕ್ಕ ಅದನ್ನು ಊಟಕ್ಕೆ ಕೂತ ಗಂಡನಿಗೆ ಸಾರಿನ ಜೊತೆಗೇ ಬಡಿಸಿದಳು.

ಮರುದಿನ ಚಾಲಕ ನೇರ ಕೌಂಟರಿಗೇ ಹೋದ.

"ನನ್ನ ಎಣ್ಣೇಲಿ ನೀರಿದೆ ಅಂತ ಯಾರ್ಯಾರಿಗೆ ಹೇಳಿದೀಯ?"

"ಭಾವ, ಹೊರಡೋ ಊರಿಂದಲೇ ತುಂಬಿಸ್ಕೊಂಡು ಬನ್ನಿ ಅಂತ ನೀವು ಮೈಗಳ್ಳತನಕ್ಕೆ ಪೈಲಟ್‌ಗಳಿಗೆ ಹೇಳಿಬಿಟ್ರಿ. ಬೈಸ್ಕೊಳ್ಳೋನು ನಾನು."

ಚಹಾದ ಲೋಟ ಹಿಡಿದು ಹೋಗುತ್ತಿದ್ದ ಪೈಲಟ್ ನಿಂತ. "ನೀವಿಬ್ಬರೂ ಪೇಪರ್ ಓದಲ್ವಾ? ಒಂದನೇ ತಾರೀಖಿಂದ ನಿಮ್ಮೂರಲ್ಲಿ ವಿಮಾನದ ಎಣ್ಣೆಗೆ ತೆರಿಗೆ ಏರಿಸಿದಾರೆ. ವಾಪಸ್ ಹೋಗೋದಕ್ಕೂ ಅಲ್ಲೇ ತುಂಬಿಸ್ಕೊಳ್ಳಿ ಅಂತ ನಮಗೆ ಆರ್ಡರ್ ಆಗಿದೆ."

ಚಾಲಕ ಪೇಪರ್ ಓದಿದ್ದ. ವಿಮಾನದಲ್ಲಿ ಹಾರೋ ಶ್ರೀಮಂತರು ಕಟ್ಟಲಿ ಬಿಡು ಎಂದು ಹೆಂಡತಿಗೆ ಓದಿಯೂ ಹೇಳಿದ್ದ. ಪೈಲಟ್ ಮರೆಯಾದ ಮೇಲೆ, "ಇದರಲ್ಲಿ ಇನ್ನೂ ಏನೋ ಇದೆ" ಎಂದ. ಭಾವಮೈದುನ ಇದ್ದರೂ ಇರಬಹುದೆಂದು ತಲೆಯಾಡಿಸಿದ. ಇಬ್ಬರಿಗೂ ಒಪ್ಪಿಗೆಯಾದ ಮಾತು ಅದೊಂದೇ.

ಮುಂದಿನ ವಾರ ಇಂಧನ ಕಂಪನಿ ಟ್ಯಾಂಕರನ್ನು ಬೇರೆ ಊರಿಗೆ ಕಳಿಸಿತು. ಅದನ್ನು ಓಡಿಸಿಕೊಂಡು ಹೋಗಲು ಆ ಊರಿನಿಂದಲೇ ಒಬ್ಬ ಚಾಲಕ ಬಂದಿದ್ದ.