ಮೂರನೆಯ ಭರಣಿ

ಉಮಾಮಹೇಶ್ವರ ಅವರಿಗೆ ಮಲಯಾಳಂ ಬರುತ್ತದೆ ಎಂದು ಎಲ್ಲರಿಗಿಂತ ಮೊದಲು ನಂಬಿದವರು ಉಮಾಮಹೇಶ್ವರ ಅವರೇ. ಆಮೇಲೆ ನಂಬಿದವರು ಹೆಚ್ಚು ಜನ ಇಲ್ಲ. ಮೈಸೂರಿನಿಂದ ತಿರುವನಂತಪುರಕ್ಕೆ ಬಂದು, ಬಾಹ್ಯಾಕಾಶ ಸಂಸ್ಥೆಯ ಸಿವಿಲ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದಿದ್ದರು. ಕಚೇರಿಗೆ ಇಂಗ್ಲಿಷ್ ಸಾಕಾಯಿತು, ಮನೆಗೆ ಕನ್ನಡ. ತರಕಾರಿ ಅಂಗಡಿಗೆ, ಆಟೋದವರಿಗೆ ಬೇಕಾದಷ್ಟು ಮಲಯಾಳವನ್ನು ಅವರು ಒಂದು ಉಪಾಯದಿಂದ ಕಲಿತಿದ್ದರು. ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ಅದಕ್ಕೆ ಹತ್ತಿರದ ಕನ್ನಡ ಪದ ಹುಡುಕುವುದು, ಅರ್ಥ ಅದೇ ಇರಬೇಕೆಂದು ತೀರ್ಮಾನಿಸುವುದು, ತಲೆಯಾಡಿಸುವುದು. ಹತ್ತಕ್ಕೆ ಎಂಟು ಸಲ ಇದು ನಡೆಯುತ್ತಿತ್ತು. ಉಳಿದ ಎರಡು ಸಲ ಏನಾಯಿತೆಂದು ಅವರು ವಿಚಾರಿಸಲು ಹೋದವರಲ್ಲ.

ನಿವೃತ್ತಿಯಾದ ಮೇಲೆ ಕೊಚ್ಚಿಯಲ್ಲಿ ಕೆಲಸ ಸಿಕ್ಕಿತು. ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಕಾಣುವ ಹಿನ್ನೀರಿನ ದಂಡೆಯಲ್ಲಿ ‘ಸೆರಾಫಿನಾ’ ಎಂಬ ಬಡಾವಣೆ. ಅರವತ್ತೆರಡು ವಿಲ್ಲಾಗಳು, ಅವುಗಳನ್ನೆಲ್ಲ ನೋಡಿಕೊಳ್ಳುವ ಎಂಜಿನಿಯರ್ ಇವರು. ಮೊದಲ ಸಾಲಿನ ಮನೆಗಳು ಇಟಲಿಯವು, ಎರಡನೆಯ ಸಾಲು ಇಂಗ್ಲೆಂಡಿನದು, ನೀರಿನ ಕಡೆಗಿರುವುದು ಫ್ರಾನ್ಸ್. ಫ್ರಾನ್ಸಿನ ಮನೆಗಳಿಗೆ ಹಿಮ ಜಾರಿ ಬೀಳಲೆಂದು ಕಡಿದಾದ ಛಾವಣಿ ಮಾಡಿದ್ದಾರೆ; ಕೊಚ್ಚಿಯಲ್ಲಿ ಅಲ್ಲಿಂದ ಜಾರುವುದು ಕಾಗೆಗಳು ಮಾತ್ರ. ಇಂಗ್ಲೆಂಡಿನ ಮನೆಗಳಿಗೆ ಚಿಮಣಿಗಳಿವೆ, ಕೆಳಗೆ ಒಲೆಯಿಲ್ಲ. ಇಟಲಿಯ ಕಲ್ಲಿನ ಕಂಬಗಳನ್ನು ಬೆರಳಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು ಬರುತ್ತದೆ. ಮೊದಲ ವಾರ ಉಮಾಮಹೇಶ್ವರ ಎಲ್ಲವನ್ನೂ ತಟ್ಟಿ ನೋಡಿ ನಕ್ಕಿದ್ದರು. ಆಮೇಲೆ ಅಭ್ಯಾಸವಾಯಿತು.

ನಡುವೆ ಕ್ಲಬ್‌ಹೌಸ್. ಆರು ರೋಮನ್ ಕಂಬಗಳು, ಅಗಲವಾದ ಮೆಟ್ಟಿಲು, ಮೇಲೆ ತಾರಸಿಯ ಅಂಚಿನ ಗಿಡ್ಡ ಗೋಡೆಯ ಮೇಲೆ ಸೊಂಟದೆತ್ತರದ ಆರು ಹೂಜಿಗಳು. ಬ್ರೋಷರಿನಲ್ಲಿ ಅವಕ್ಕೆ ದೊಡ್ಡ ಹೆಸರಿತ್ತು. ಕೆಲಸದವರು ಮಾತ್ರ ಭರಣಿ ಎಂದೇ ಕರೆಯುತ್ತಿದ್ದರು, ಉಪ್ಪಿನಕಾಯಿ ಹಾಕಿಡುತ್ತಾರಲ್ಲ, ಅದೇ ಭರಣಿ. ಒಂದೊಂದೂ ಅರವತ್ತು ಕಿಲೋ ತೂಗುವ ಸಿಮೆಂಟಿನ ಸಾಮಾನು, ಒಳಗೊಂದು ಕಬ್ಬಿಣದ ಸರಳಿನ ಆಧಾರ. ಹಿನ್ನೀರಿನ ಉಪ್ಪುಗಾಳಿ ಕಬ್ಬಿಣಕ್ಕೆ ಏನು ಮಾಡುತ್ತದೆಂದು ಉಮಾಮಹೇಶ್ವರ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಫೆಬ್ರವರಿಯ ತಪಾಸಣೆಯ ದಿನ ಏಣಿ ಹತ್ತಲು ಮಂಡಿ ಒಪ್ಪದೆ, ಕೆಳಗೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ, ‘ಸರಿಯಿದೆ’ ಎಂದು ಬರೆದು ರುಜು ಹಾಕಿದ್ದರು.

ಮೇ ತಿಂಗಳ ಕೊನೆಯ ಭಾನುವಾರ ಸೆರಾಫಿನಾಗೆ ಐದು ವರ್ಷ ತುಂಬುತ್ತಿತ್ತು. ಹನ್ನೊಂದು ಗಂಟೆಗೆ ಎಲ್ಲ ಮನೆಯವರೂ ಕ್ಲಬ್‌ಹೌಸಿನ ಮೆಟ್ಟಿಲ ಮೇಲೆ ನಿಂತು ಒಂದು ದೊಡ್ಡ ಫೋಟೋ ತೆಗೆಸಿಕೊಳ್ಳುವುದೆಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಮನೋಜ್ ಗೊತ್ತುಮಾಡಿದ್ದರು. ಉಮಾಮಹೇಶ್ವರ ಶನಿವಾರವೇ ರೈಲು ಹತ್ತಿ ತಿರುವನಂತಪುರಕ್ಕೆ ಬಂದುಬಿಟ್ಟಿದ್ದರು. ಹೆಂಡತಿ ನಿರ್ಮಲ, ಅಪ್ಪನ ಸಂಸ್ಥೆಯಲ್ಲೇ ವಿಜ್ಞಾನಿಯಾಗಿರುವ ಮಗಳು ಗ್ರೀಷ್ಮಾ, ಏಳು ವರ್ಷದ ಮೊಮ್ಮಗಳು ನಿಹಾರಿಕಾ, ಎಲ್ಲರೂ ಇರುವುದು ಅಲ್ಲಿ. ಹೊರಡುವ ಮುಂಚೆ ಮೇಲ್ವಿಚಾರಕ ಅಶ್ರಫ್‌ಗೆ ಒಂದು ಮಾತು ಹೇಳಿದ್ದರು: ಮಳೆಗಾಲ ಶುರುವಾಗುವ ಮುಂಚೆ ಆರೂ ಭರಣಿ ಇಳಿಸಿ ಬಣ್ಣ ಹೊಡೆಸಬೇಕು.

ಭಾನುವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಪುಟ್ಟು ಕಡಲೆ ತಿನ್ನುತ್ತಿದ್ದಾಗ ಅಶ್ರಫ್ ಫೋನ್ ಮಾಡಿದ.

“ಸಾರೇ, ಮೂನ್ನಾಮತ್ತೆ ಭರಣಿ ಇಳಗುನ್ನುಂಡ್. ಪರಿಪಾಡಿ ನಡಕ್ಕಟ್ಟೇ?”

ಮೂನ್ನಾಮತ್ತೆ ಎಂದರೆ ಮೂರನೆಯದು. ಪರಿಪಾಡಿ ಕಾರ್ಯಕ್ರಮ, ಅದು ನಡೆಯಲೇ ಎಂದು ಕೇಳುತ್ತಿದ್ದಾನೆ. ಇಳಗುನ್ನುಂಡ್ ಎಂದರೆ ಇಳಿಯುತ್ತಿದೆ, ಮತ್ತಿನ್ನೇನು. ಬಣ್ಣದವರು ಇವತ್ತೇ ಬಂದಿದ್ದಾರೆ, ಎರಡು ಇಳಿಸಿ ಆಗಿದೆ, ಮೂರನೆಯದು ಇಳಿಯುತ್ತಿದೆ, ಹನ್ನೊಂದರೊಳಗೆ ಆರೂ ನೆಲದ ಮೇಲಿರುತ್ತವೆ. ಅಶ್ರಫ್‌ನ ಚುರುಕುತನ ಅವರಿಗೆ ಬಹಳ ಮೆಚ್ಚುಗೆಯಾಯಿತು.

“ನಡಕ್ಕಟ್ಟೆ, ನಡಕ್ಕಟ್ಟೆ,” ಎಂದರು. ಆ ಕಡೆಯಿಂದ ಅಶ್ರಫ್, “ಅಪ್ಪೋ ಕಯರ್ ಅಳಿಕ್ಕಾಮಲ್ಲೇ?” ಎಂದ. ಕಯರ್ ಎಂದರೆ ಹಗ್ಗ, ಹಾಗಾದರೆ ಅದನ್ನು ಬಿಚ್ಚಬಹುದಲ್ಲವೇ ಎಂದು ಕೇಳುತ್ತಿದ್ದಾನೆ. ಇಳಿಸಿದ ಮೇಲೆ ಹಗ್ಗ ಬಿಚ್ಚದೆ ಇಟ್ಟುಕೊಳ್ಳುತ್ತಾರೆಯೇ? ಬಿಚ್ಚು ಎಂದು ಹೇಳಿ ಇನ್ನೊಂದು ತುಂಡು ಪುಟ್ಟು ಹಾಕಿಸಿಕೊಂಡರು.

“ಏನಂತೆ?” ಎಂದರು ನಿರ್ಮಲ.

“ಏನಿಲ್ಲ, ಕೆಲಸ ನಡೀತಿದೆ. ನಮ್ಮ ಹುಡುಗರಿಗೆ ನಾನು ಟ್ರೈನಿಂಗ್ ಕೊಟ್ಟಿದೀನಲ್ಲ.”

ಹತ್ತೂವರೆಯ ಹೊತ್ತಿಗೆ ಗಾಳಿ ಎದ್ದಿತು. ಮಳೆಗೆ ಮುಂಚಿನ ಗಾಳಿ, ಹಿತ್ತಿಲ ತೆಂಗಿನ ಗರಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಉಮಾಮಹೇಶ್ವರ ವರಾಂಡದಲ್ಲಿ ಪತ್ರಿಕೆಯನ್ನು ಹಾರದಂತೆ ಮೊಣಕೈಯಲ್ಲಿ ಅದುಮಿ ಹಿಡಿದು ಕೂತಿದ್ದಾಗ ನಿಹಾರಿಕಾ ಓಡಿಬಂದು ಬಾಯಿ ತೆರೆದಳು. ಆ ಹುಡುಗಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ.

“ತಾತಾ, ಎನ್ಡೆ ಪಲ್ಲ್ ಇಳಗುನ್ನುಂಡ್.”

“ಹೌದಾ ಪುಟ್ಟಿ? ಹಲ್ಲು ಇಳಿದೇ ಬಿಡ್ತಾ? ಎಲ್ಲಿ, ಕೈಲಿಟ್ಕೊಂಡಿದೀಯಾ, ತೋರ್ಸು.”

ನಿಹಾರಿಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಂದಿನ ಹಲ್ಲನ್ನು ನಾಲಗೆಯಿಂದ ಆಚೆಗೊಮ್ಮೆ ಈಚೆಗೊಮ್ಮೆ ತಳ್ಳಿ ತೋರಿಸಿದಳು. ಹಲ್ಲು ಇನ್ನೂ ಜಾಗದಲ್ಲೇ ಇತ್ತು.

ಒಳಗಿನಿಂದ ಗ್ರೀಷ್ಮಾ ಹೇಳಿದಳು: “ಅಪ್ಪಾ, ಇಳಗೋದು ಅಂದ್ರೆ ಅಲ್ಲಾಡೋದು, ಸಡಿಲ ಆಗೋದು. ಇಳಿಯೋದಕ್ಕೆ ಇರಂಗು ಅಂತಾರೆ. ಬಸ್ಸಲ್ಲಿ ದಿನಾ ಕೇಳಿಲ್ವಾ ನೀವು?”

ಕೇಳಿದ್ದರು. ಮೂವತ್ತು ವರ್ಷ ಕೇಳಿದ್ದರು. ಪತ್ರಿಕೆ ಮೊಣಕೈಯಿಂದ ಜಾರಿ ಅಂಗಳಕ್ಕೆ ಹಾರಿಹೋಯಿತು, ಅವರು ನೋಡಲಿಲ್ಲ. ಮೂರನೆಯ ಭರಣಿ ಅಲ್ಲಾಡುತ್ತಿದೆ, ಕಾರ್ಯಕ್ರಮ ನಡೆಯಲೇ ಎಂದು ಕೇಳಿದ್ದ ಅಶ್ರಫ್. ಅವನು ಕಟ್ಟಿದ್ದು ಇಳಿಸುವ ಹಗ್ಗವಲ್ಲ, ಕೆಳಗೆ ಯಾರೂ ನಿಲ್ಲದ ಹಾಗೆ ಮೆಟ್ಟಿಲಿಗೆ ಅಡ್ಡ ಕಟ್ಟಿದ ಹಗ್ಗ. ಅದನ್ನು ಬಿಚ್ಚು ಎಂದವರು ತಾವು.

ಗಡಿಯಾರದಲ್ಲಿ ಹತ್ತೂ ನಲವತ್ತು.

ಅಶ್ರಫ್‌ನ ಫೋನ್ ಪೂರ್ತಿ ರಿಂಗಾಗಿ ನಿಂತಿತು. ಬ್ಯಾಂಡಿನವರನ್ನು ಕರೆತರಲು ಅವನು ವೈಟ್ಟಿಲಕ್ಕೆ ಹೋಗಬೇಕಿತ್ತೆಂದು ನೆನಪಾಯಿತು. ಬೈಕಿನಲ್ಲಿದ್ದರೆ ಫೋನ್ ಎತ್ತುವವನಲ್ಲ, ಹಾಗೆ ಕಲಿಸಿದವರೂ ಇವರೇ. ಮನೋಜ್ ಎತ್ತಲಿಲ್ಲ, ಎರಡನೆಯ ಸಲವೂ ಎತ್ತಲಿಲ್ಲ. ಗೇಟಿನ ಕಾವಲುಗಾರ ಎತ್ತಿದ. ಅವನ ಹಿಂದೆ ಧ್ವನಿವರ್ಧಕದಲ್ಲಿ ಹಾಡು ಕೂಗುತ್ತಿತ್ತು, ಏನೂ ಕೇಳಿಸುತ್ತಿಲ್ಲ ಎಂದು ಇಟ್ಟುಬಿಟ್ಟ. ಇನ್ನೂರು ಕಿಲೋಮೀಟರ್ ದೂರದಲ್ಲಿ ವರಾಂಡದ ಕುರ್ಚಿಯ ಮೇಲೆ ಕೂತು ಅವರು ಏನು ತಾನೆ ಮಾಡಬಲ್ಲರು? ಹತ್ತೂ ನಲವತ್ತೇಳು. ಅಂಗಳದಲ್ಲಿ ಒಣಗುತ್ತಿದ್ದ ಸೀರೆಯನ್ನು ಗಾಳಿ ತಂತಿಯಿಂದ ಕಿತ್ತುಹಾಕಿತು.

ಆಗ ಮೇರಿಯ ನೆನಪಾಯಿತು.

ಮೇರಿ ಸ್ವಚ್ಛತೆಯವರ ಮುಖ್ಯಸ್ಥೆ, ಮಂಜೇಶ್ವರದ ಕಡೆಯ ಹೆಂಗಸು. ಅವಳು ಮೊದಲ ದಿನವೇ ಕನ್ನಡದಲ್ಲಿ ನಮಸ್ಕಾರ ಹೇಳಿದ್ದಳು. ಉಮಾಮಹೇಶ್ವರ ಮಲಯಾಳದಲ್ಲಿ ಉತ್ತರ ಕೊಟ್ಟಿದ್ದರು. ಅವಳು ಕನ್ನಡದಲ್ಲಿ ಮಾತಾಡುವುದು, ಇವರು ಅಕ್ಕಪಕ್ಕದವರಿಗೆ ಕೇಳಿಸುವಂತೆ ತಮ್ಮ ಮಲಯಾಳ ಬಿಗಿಯುವುದು, ಎರಡು ವರ್ಷದಿಂದ ಹೀಗೇ ನಡೆದಿತ್ತು. ಇವತ್ತು ಅವಳು ಫೋನ್ ಎತ್ತಿದ ಕೂಡಲೇ ಇವರ ಬಾಯಿಂದ ಕನ್ನಡವೇ ಬಂತು.

“ಮೇರಿ, ಎಲ್ಲಿದೀಯಮ್ಮಾ? ಮೆಟ್ಲ ಮೇಲೆ ಜನ ಇದಾರಾ?”

“ನಿಲ್ತಾ ಇದ್ದಾರೆ ಸಾರ್. ಮಕ್ಕಳನ್ನು ಎದುರಿನ ಸಾಲಲ್ಲಿ ನಿಲ್ಲಿಸ್ತಾ ಇದ್ದಾರೆ.”

“ಎಲ್ರನ್ನೂ ಕೆಳಗಿಳಿಸು. ಈಗ್ಲೇ. ಆ ಮೂರನೇ ಭರಣಿ ಸಡಿಲವಾಗಿದೆ.”

“ಅದು ಗೊತ್ತುಂಟಲ್ಲ ಸಾರ್. ಅದಕ್ಕೇ ಅಶ್ರಫ್ ಹಗ್ಗ ಕಟ್ಟಿದ್ದು. ನೀವೇ ಅಲ್ವಾ ಬಿಚ್ಲಿಕ್ಕೆ ಹೇಳಿದ್ದು?”

“ಅದೆಲ್ಲ ಆಮೇಲೆ, ಮೊದ್ಲು ಇಳಿಸು,” ಎಂದರು.

“ನಾನು ಹೇಳಿದ್ರೆ ಇವರು ಕೇಳುದಿಲ್ಲ,” ಎಂದಳು ಮೇರಿ. “ನಾನು ಗುಡಿಸುವವಳು. ಮನೋಜ್ ಸಾರ್ ಇಲ್ಲೇ ಇದ್ದಾರೆ. ಸ್ಪೀಕರಿಗೆ ಹಾಕ್ತೇನೆ, ನೀವೇ ಹೇಳಿ.”

ಅವಳು ನಡೆದುಹೋಗುವ ಸದ್ದು, ಮಕ್ಕಳ ಗಲಾಟೆ, ಗಾಳಿಯ ಭೋರ್ಗರೆತ ಎಲ್ಲ ಒಟ್ಟಿಗೆ ಕೇಳಿಸಿತು. ಮನೋಜ್ ಅವರ ದನಿ ಬಂತು, ಮಲಯಾಳದಲ್ಲಿ, ಎಂದಿನಂತೆ ನಯವಾಗಿ: ಏನು ಉಮಾ ಸಾರ್, ಎರಡೇ ನಿಮಿಷ, ಫೋಟೋ ಆಗಿಬಿಡಲಿ.

ಉಮಾಮಹೇಶ್ವರ ಗಂಟಲು ಸರಿಮಾಡಿಕೊಂಡರು. ಸುರಕ್ಷತೆಯ ದೃಷ್ಟಿಯಿಂದ, ಮುಂಜಾಗ್ರತೆಗಾಗಿ, ಗಾಳಿ ಹೆಚ್ಚಿರುವುದರಿಂದ, ಹುಲ್ಲಿನ ಮೇಲೆ ನಿಂತರೆ ಉತ್ತಮ ಎಂದರು. ಇಂಗ್ಲಿಷಿನಲ್ಲಿ ಹೇಳಿದರು. ಕಚೇರಿಯ ಪತ್ರದ ಹಾಗೆ ಕೇಳಿಸಿತು, ತಮಗೇ ನಾಚಿಕೆಯಾಗುವಷ್ಟು.

ಹುಲ್ಲಿನ ಮೇಲೆ ನಿಂತರೆ ಕಂಬಗಳೇ ಬರುವುದಿಲ್ಲ ಸಾರ್, ಎಂದರು ಮನೋಜ್. ಬೆಳಿಗ್ಗೆ ಅಶ್ರಫ್ ನಿಮ್ಮನ್ನೇ ಕೇಳಿದ್ದಾನೆ. ಅಲ್ಲಾಡಿದರೂ ಪರವಾಗಿಲ್ಲ, ನಡೆಯಲಿ ಅಂದಿದ್ದೀರಿ. ಫೆಬ್ರವರಿಯಲ್ಲಿ ಸರಿಯಿದೆ ಎಂದು ಬರೆದಿದ್ದೀರಿ. ಈಗ ಯಾವುದನ್ನು ನಂಬಲಿ?

ಅಲ್ಲೊಬ್ಬರು ನಕ್ಕರು. ಫೋಟೋದವನು “ರೆಡಿ” ಎಂದು ಕೂಗಿದ. ಯಾವುದೋ ತಾಯಿ ಮಗುವಿಗೆ ಕೂದಲು ಸರಿಮಾಡಿಕೋ ಎನ್ನುತ್ತಿದ್ದಳು. ಉಮಾಮಹೇಶ್ವರ ಎದ್ದು ನಿಂತರು. ಗ್ರೀಷ್ಮಾ ಬಾಗಿಲಲ್ಲಿದ್ದಳು, ನಿರ್ಮಲ ಅವಳ ಹಿಂದಿದ್ದರು, ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು.

“ಎನಿಕ್ಕ್ ಮಲಯಾಳಂ ಅರಿಯಿಲ್ಲ,” ಎಂದರು. ನನಗೆ ಮಲಯಾಳಂ ಬರುವುದಿಲ್ಲ. ಆಮೇಲೆ ಒಂದೇ ಉಸಿರಿಗೆ ಉಳಿದದ್ದನ್ನೂ ಮಲಯಾಳದಲ್ಲೇ ಹೇಳಿದರು. ಅಶ್ರಫ್ ಹೇಳಿದ್ದು ನನಗೆ ಅರ್ಥವಾಗಲಿಲ್ಲ, ಅರ್ಥವಾಯಿತೆಂದು ನಟಿಸಿದೆ. ಫೆಬ್ರವರಿಯಲ್ಲಿ ನಾನು ಮೇಲೆ ಹತ್ತಲೇ ಇಲ್ಲ. ಮಕ್ಕಳನ್ನು ಅಲ್ಲಿಂದ ಇಳಿಸಿ.

ಮೂವತ್ತು ವರ್ಷಗಳಲ್ಲಿ ಅವರು ತಡವರಿಸದೆ ಆಡಿದ ಮಲಯಾಳಂ ಅದೊಂದೇ ಇರಬೇಕು. ಅಲ್ಲಿ ನಗು ನಿಂತಿತು. ಮೇರಿಯ ದನಿ ಎಲ್ಲಕ್ಕಿಂತ ಮೇಲೆದ್ದು, ಮಕ್ಕಳೇ ಬನ್ನಿ, ಇಳಿಯಿರಿ, ಇಳಿಯಿರಿ ಎಂದು ಎರಡೂ ಭಾಷೆಯಲ್ಲಿ ಕೂಗುವುದು ಕೇಳಿಸಿತು. ಅಷ್ಟರಲ್ಲಿ ಫೋನ್ ಕಡಿದುಹೋಯಿತು.

ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ. ಹನ್ನೊಂದಾಯಿತು, ಹನ್ನೊಂದೂ ಹತ್ತಾಯಿತು. ನಿರ್ಮಲ ನೀರು ತಂದಿಟ್ಟರು, ಅವರು ಕುಡಿಯಲಿಲ್ಲ. ಇಳಿದರೋ ಇಲ್ಲವೋ. ಎಲ್ಲರೂ ಇಳಿದ ಮೇಲೆ ಯಾವುದಾದರೂ ಮಗು ಚಪ್ಪಲಿ ಬಿಟ್ಟುಬಂದೆನೆಂದು ತಿರುಗಿ ಓಡಿದರೆ? ಬೇಡದ್ದನ್ನೆಲ್ಲ ಮನಸ್ಸು ಬಿಡಿಬಿಡಿಯಾಗಿ ತೋರಿಸುತ್ತಿತ್ತು.

“ತಾತಾ, ವೀಣು,” ಎಂದು ನಿಹಾರಿಕಾ ಹಿಂದಿನಿಂದ ಕೂಗಿದಳು.

ಬಿತ್ತು. ಆ ಪದದ ಅರ್ಥ ಅವರಿಗೆ ಸರಿಯಾಗಿ ಗೊತ್ತಿತ್ತು. ಅವರು ಕುರ್ಚಿಯ ಮೇಲೆ ಕುಸಿದರು. ಹುಡುಗಿ ಅಂಗೈ ಬಿಚ್ಚಿದಳು, ಅಕ್ಕಿಕಾಳಿಗಿಂತ ತುಸು ದೊಡ್ಡ ಹಲ್ಲು. ಉಮಾಮಹೇಶ್ವರ ಅವಳನ್ನು ಎಳೆದು ತಬ್ಬಿಕೊಂಡರು. ಅವರು ಅಳುತ್ತಿದ್ದರು. ತಾತನಿಗೆ ಹಲ್ಲಿನ ಮೇಲೆ ಇಷ್ಟೊಂದು ಪ್ರೀತಿಯೆಂದು ಅವಳಿಗೆ ಗೊತ್ತಿರಲಿಲ್ಲ.

ಮೇರಿ ಫೋನ್ ಮಾಡಿದ್ದು ಹನ್ನೊಂದೂವರೆಗೆ. “ಏನೂ ಬೀಳ್ಲಿಲ್ಲ ಸಾರ್. ಹುಲ್ಲಿನ ಮೇಲೆ ಫೋಟೋ ಆಯ್ತು. ಮೆಟ್ಲಿಗೆ ಪುನಃ ಹಗ್ಗ ಕಟ್ಟಿದ್ದೇನೆ. ಬಿಸಿಲು ಕಣ್ಣಿಗೆ ಹೊಡೆದು ಎಲ್ಲರ ಮುಖ ಗಂಟು ಹಾಕಿದ ಹಾಗೆ ಬಂದಿದೆ ಅಂತ ಮನೋಜ್ ಸಾರಿಗೆ ಬೇಜಾರು.” ಸಂಜೆಯ ಹೊತ್ತಿಗೆ ಸೆರಾಫಿನಾದ ವಾಟ್ಸಾಪ್ ಗುಂಪಿನಲ್ಲಿ ‘ಎನಿಕ್ಕ್ ಮಲಯಾಳಂ ಅರಿಯಿಲ್ಲ’ ಎಂಬ ಮಾತಿಗೆ ನಗುವ ಮುಖಗಳು ಸಾಲುಗಟ್ಟಿದ್ದವು. ಉಮಾಮಹೇಶ್ವರ ಅದನ್ನೆಲ್ಲ ಓದಿದರು. ಏನೂ ಬೀಳದಿದ್ದದ್ದು ಸಮಾಧಾನವೇ. ಆದರೆ ಸುಮ್ಮನೆ ಹೆದರಿದೆನೇ, ಸುಮ್ಮನೆ ಮಾನ ಕಳೆದುಕೊಂಡೆನೇ ಎಂಬ ಕೊರೆತ ರೈಲಿನಲ್ಲಿ ಕೊಚ್ಚಿಯವರೆಗೂ ಜೊತೆಗೆ ಬಂತು.

ಸೋಮವಾರ ಹತ್ತು ಗಂಟೆಗೆ ಅವರು ಏಣಿ ಹತ್ತಿದರು. ಅಶ್ರಫ್ ಹಿಂದಿನಿಂದ ಹತ್ತಿದ, ಬೇಡ ಸಾರೇ ಎನ್ನುತ್ತಲೇ. ಮಂಡಿ ಪ್ರತಿ ಮೆಟ್ಟಿಲಿಗೂ ದೂರು ಹೇಳಿತು. ಮೊದಲ ಭರಣಿಯನ್ನು ತಳ್ಳಿ ನೋಡಿದರು, ಗಟ್ಟಿ. ಎರಡನೆಯದೂ ಗಟ್ಟಿ. ಮೂರನೆಯದನ್ನು ಇಬ್ಬರೂ ಎರಡು ಕಡೆ ಹಿಡಿದು ತುಸು ಓರೆ ಮಾಡಿದರು. ಅದು ಎಲ್ಲೂ ತಡೆಯದೆ ವಾಲಿಕೊಂಡು ಬಂತು. ಅಡಿಯಲ್ಲಿ ಸರಳಿನ ಜಾಗದಲ್ಲಿ ಒಂದು ಹಿಡಿ ಕೆಂಪು ಪುಡಿ ಇತ್ತು. ಭರಣಿಯನ್ನು ಒಳಗಡೆಗೆ ಮಲಗಿಸಿದರು.

ಆಮೇಲೆ ಉಮಾಮಹೇಶ್ವರ ಗೋಡೆಯ ಮೇಲಿಂದ ಕೆಳಗೆ ಬಗ್ಗಿ ನೋಡಿದರು. ಮೆಟ್ಟಿಲ ಮೇಲೆ ಮಕ್ಕಳು ಎಲ್ಲೆಲ್ಲಿ ನಿಲ್ಲಬೇಕೆಂದು ಮನೋಜ್ ಸೀಮೆಸುಣ್ಣದಲ್ಲಿ ಎಳೆಸಿದ್ದ ಚಿಕ್ಕ ಚಿಕ್ಕ ವೃತ್ತಗಳು ಇನ್ನೂ ಹಾಗೇ ಇದ್ದವು. ಮೂರನೆಯ ಭರಣಿಯ ನೇರಕ್ಕೆ ನಾಲ್ಕು ವೃತ್ತಗಳಿದ್ದವು. ಅವರು ಎರಡು ಸಲ ಎಣಿಸಿದರು.